ಬಾಲ್ಯದಲ್ಲಿ ಪಟ್ಟ ಪಾಡಿಗೂ ಈಗಿನ ಬಿಪಿಗೂ ಸಂಬಂಧ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ನನಗೆ 39 ವರ್ಷ. ಊರು ಅರಸೀಕೆರೆ ಕಡೆಯ ಹಳ್ಳಿ, ಈಗ ತುಮಕೂರಿನಲ್ಲಿದ್ದೇವೆ. ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುತ್ತಿದ್ದರು. ಬಿಡಿಸಲು ಹೋದರೆ ನನಗೂ ಬೀಳುತ್ತಿತ್ತು. ತಮ್ಮನನ್ನು ಎಳೆದುಕೊಂಡು ಹೋಗಿ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ರಾತ್ರಿ ಕಳೆದದ್ದು ಎಷ್ಟೋ ಸಲ. ಏಳನೇ ಕ್ಲಾಸ್ ಆದ ಮೇಲೆ ಹಾಸ್ಟೆಲ್ ಸಿಕ್ಕಿತು, ಅಲ್ಲಿನ ವಾರ್ಡನ್ ಅಮ್ಮ ನನ್ನನ್ನು ಮಗಳ ಹಾಗೆ ನೋಡಿಕೊಂಡರು. ಗಂಡ ಒಳ್ಳೆಯವರು, ಕುಡಿಯುವುದಿಲ್ಲ. 9 ವರ್ಷದ ಮಗಳಿದ್ದಾಳೆ. ಎರಡು ವರ್ಷದಿಂದ ಬಿಪಿ, ಗ್ಯಾಸ್ಟ್ರಿಕ್, ರಾತ್ರಿ ಮೂರಕ್ಕೆ ಎಚ್ಚರ. ಗೇಟಿನ ಚಿಲಕ ಸದ್ದಾದರೆ ಸಾಕು, ಎದೆ ಡವಡವ ಅನ್ನುತ್ತದೆ. ಇಸಿಜಿ, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ನಾರ್ಮಲ್. ಮೂರು ತಿಂಗಳ ಶುಗರ್ 6.1 ಇದೆ. 'ಟೆನ್ಷನ್ ಮಾಡ್ಕೋಬೇಡಿ' ಅಂತಾರೆ. ಮೊಬೈಲ್‌ನಲ್ಲಿ ಬಾಲ್ಯದ ಬಗ್ಗೆ ಹತ್ತು ಪ್ರಶ್ನೆಯ ಪರೀಕ್ಷೆ ನೋಡಿದೆ, ನನಗೆ 6 ಅಂಕ ಬಂತು. ಆರು ಬಂದವರು 20 ವರ್ಷ ಮೊದಲೇ ಸಾಯುತ್ತಾರೆ ಅಂತ ಬರೆದಿತ್ತು. ಆಮೇಲೆ ಸರಿಯಾಗಿ ನಿದ್ದೆಯೇ ಇಲ್ಲ. ನನ್ನ ದೇಹ ಹಾಳಾಗಿಬಿಟ್ಟಿದೆಯಾ? ಇದು ಮಗಳಿಗೂ ಹೋಗುತ್ತಾ? ಹೋದ ತಿಂಗಳು ಸಿಟ್ಟಿನಲ್ಲಿ ಅವಳ ಕೆನ್ನೆಗೆ ಹೊಡೆದೆ, ನನಗೇ ಭಯವಾಯಿತು. ಗಂಡ ಹಳೆಯದನ್ನು ಮರೆತುಬಿಡು ಅಂತಾರೆ, ಗೆಳತಿ ಎಲ್ಲ ಹೊರಗೆ ಹಾಕು ಅಂತಾಳೆ. ಅಪ್ಪನಿಗೆ ಈಗ 71, ಸ್ಟ್ರೋಕ್ ಆಗಿ ನಮ್ಮ ಮನೆಯಲ್ಲೇ ಇದ್ದಾರೆ. ಊಟ ಮಾಡಿಸುವುದು ನಾನೇ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಸದ್ಯಕ್ಕೆ ನಿದ್ದೆ ಕೆಡಿಸಿರುವುದು ಆ 20 ವರ್ಷದ ಮಾತು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಆಯಸ್ಸಿನಿಂದ ಯಾರೂ 20 ವರ್ಷ ಕಿತ್ತುಕೊಂಡಿಲ್ಲ. ಆ ಲೆಕ್ಕವನ್ನು ಹಾಗೆ ಓದಲೇಬಾರದು.

ಆ ಹತ್ತು ಪ್ರಶ್ನೆ ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ವೈದ್ಯರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಇದ್ದಕ್ಕಿದ್ದ ಹಾಗೆ ಬರುವುದನ್ನು ಬಿಡುತ್ತಿದ್ದರು. ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ, ಅವರಲ್ಲಿ ತುಂಬ ಜನ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ್ದವರು ಅಂತ ಗೊತ್ತಾಯಿತು. ದಪ್ಪಗಿದ್ದರೆ ಯಾರೂ ನೋಡುವುದಿಲ್ಲ ಅನ್ನುವ ಧೈರ್ಯ ಅವರಿಗೆ. ಆಮೇಲೆ ಫೆಲಿಟ್ಟಿ ಸರ್ಕಾರಿ ಸಂಶೋಧಕ ರಾಬರ್ಟ್ ಆಂಡಾ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಹೊಟ್ಟೆಗೆ ಬಟ್ಟೆಗೆ ಗತಿ ಇಲ್ಲದಿರುವುದು, ತಾಯಿಗೆ ಏಟು ಬೀಳುವುದನ್ನು ನೋಡಿದ್ದು, ಮನೆಯಲ್ಲಿ ಕುಡುಕರು, ಜೈಲಿಗೆ ಹೋದವರು, ಹೀಗೆ. ಮೊದಲ ವರದಿ ಬಂದದ್ದು 1998ರಲ್ಲಿ. ಇಂಥ ನಾಲ್ಕು ಅಥವಾ ಹೆಚ್ಚು ಅನುಭವ ಇದ್ದವರಲ್ಲಿ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು, ಸಕ್ಕರೆ ಕಾಯಿಲೆ ಒಂದೂವರೆ ಪಟ್ಟು, ಖಿನ್ನತೆ ನಾಲ್ಕು ಪಟ್ಟಿಗಿಂತ ಜಾಸ್ತಿ ಕಂಡಿತು. ವೈದ್ಯಲೋಕ ಬೆಚ್ಚಿದ್ದು ನಿಜ. ಇದು ಗಟ್ಟಿ ಅಧ್ಯಯನ, ಅದನ್ನು ನಾನು ಹಗುರ ಮಾಡುತ್ತಿಲ್ಲ.

20 ವರ್ಷದ ಮಾತು ಬಂದದ್ದು ಅದೇ ಜನರನ್ನು ಇಟ್ಟುಕೊಂಡು 2009ರಲ್ಲಿ ಪ್ರಕಟವಾದ ಇನ್ನೊಂದು ವರದಿಯಿಂದ. ಸುಮಾರು ಹತ್ತು ವರ್ಷದಲ್ಲಿ ಆ 17,000 ಜನರಲ್ಲಿ 1,539 ಮಂದಿ ತೀರಿಕೊಂಡಿದ್ದರು. ತೀರಿಕೊಂಡವರ ಸರಾಸರಿ ವಯಸ್ಸನ್ನು ಮಾತ್ರ ಹೋಲಿಸಿದಾಗ, ಅಂಕ ಸೊನ್ನೆ ಇದ್ದವರಿಗೆ 79, ಆರು ಮತ್ತು ಮೇಲಿದ್ದವರಿಗೆ 60 ಚಿಲ್ಲರೆ. ಇಲ್ಲಿ ಗಮನಿಸಿ. ಬದುಕಿ ಉಳಿದ 15,000ಕ್ಕೂ ಹೆಚ್ಚು ಜನ ಈ ಸರಾಸರಿಯಲ್ಲಿ ಸೇರಿಲ್ಲ. ಹೆಚ್ಚು ಅಂಕದವರ ಗುಂಪಿನ ವಯಸ್ಸೇ ಮೊದಲಿನಿಂದ ಕಡಿಮೆ ಇತ್ತು. ಚಿಕ್ಕ ವಯಸ್ಸಿನವರ ಗುಂಪಿನಲ್ಲಿ ಹತ್ತು ವರ್ಷದೊಳಗೆ ಯಾರಾದರೂ ಸತ್ತರೆ ಅವರು ಚಿಕ್ಕ ವಯಸ್ಸಿನಲ್ಲೇ ಸತ್ತಿರುತ್ತಾರೆ, ಅಲ್ವಾ? ವಯಸ್ಸನ್ನು ಸರಿದೂಗಿಸಿ ನೋಡಿದರೆ, ಆರು ಅಥವಾ ಹೆಚ್ಚು ಅಂಕದವರು 65ರೊಳಗೆ ಸಾಯುವ ಅಪಾಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅದು ಸಣ್ಣದಲ್ಲ. ಆದರೆ 65ರೊಳಗೆ ಸಾಯುವವರೇ ಕಡಿಮೆ, ಆ ಕಡಿಮೆಯ ಎರಡು ಪಟ್ಟು ಅಂದರೂ ಬಹುಪಾಲು ಜನ ಬದುಕಿಯೇ ಇರುತ್ತಾರೆ. 'ಪಟ್ಟು' ಅನ್ನುವ ಪದ ಕೇಳಿದಾಗಲೆಲ್ಲ 'ಎಷ್ಟರ ಪಟ್ಟು' ಅಂತ ಕೇಳಿ.

ಇನ್ನೊಂದು. 2020ರಲ್ಲಿ ಅದೇ ರಾಬರ್ಟ್ ಆಂಡಾ ಅವರು, ಈ ಅಂಕವನ್ನು ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬೇಡಿ, ಅದು ಗುಂಪಿನ ಲೆಕ್ಕಕ್ಕೆ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆದರು. ಹತ್ತು ಪ್ರಶ್ನೆ ಮಾಡಿದವರೇ ಹೇಳಿದ ಮಾತಿದು. ಆ ಪ್ರಶ್ನೆಗಳು ಒಂದು ಸಲ ಬಿದ್ದ ಏಟಿಗೂ ಹತ್ತು ವರ್ಷ ಬಿದ್ದ ಏಟಿಗೂ ಒಂದೇ ಅಂಕ ಕೊಡುತ್ತವೆ. ಜಾತಿಯ ಹೆಸರಿನಲ್ಲಿ ಆದ ಅವಮಾನ, ಶಾಲೆಯ ಮೇಷ್ಟ್ರ ಬೆತ್ತ, ಇವನ್ನು ಕೇಳುವುದೇ ಇಲ್ಲ. ನಿಮ್ಮ ಜೊತೆ ಯಾರು ನಿಂತಿದ್ದರು ಅನ್ನುವುದನ್ನೂ ಕೇಳುವುದಿಲ್ಲ. ನಿಮ್ಮ ವಾರ್ಡನ್ ಅಮ್ಮನಿಗೆ ಆ ಪರೀಕ್ಷೆಯಲ್ಲಿ ಅಂಕ ಇಲ್ಲ. ಆದರೆ ನಿಮ್ಮ ಆರೋಗ್ಯದಲ್ಲಿ ಖಂಡಿತ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಸಂಬಂಧ ಇದೆಯಾ ಇಲ್ಲವಾ? ಇದೆ. ಹೇಗೆ ಅಂತ ಹೇಳುತ್ತೇನೆ.

ಹೆದರಿಕೆಯಾದಾಗ ಮೆದುಳು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಕಳಿಸುತ್ತದೆ. ಅಡ್ರಿನಲಿನ್ ಬರುತ್ತದೆ, ಹಿಂದೆಯೇ ಕಾರ್ಟಿಸಾಲ್ ಬರುತ್ತದೆ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತಕ್ಕೆ ಸಕ್ಕರೆ ಸುರಿಯುತ್ತದೆ, ಜೀರ್ಣ ನಿಧಾನವಾಗುತ್ತದೆ. ಓಡಲು ಅಥವಾ ಹೊಡೆದಾಡಲು ಇದೆಲ್ಲ ಬೇಕು. ಅಪಾಯ ಕಳೆದ ಮೇಲೆ ಇಳಿಯಬೇಕು. ಆದರೆ ಏಳೆಂಟು ವರ್ಷದ ಮಗು ದಿನಾ ಸಂಜೆ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತರೆ, ಅದು ಇಳಿಯುವುದೇ ಇಲ್ಲ. ಬೆಳೆಯುತ್ತಿರುವ ಮೆದುಳು ಇದೇ ಮಾಮೂಲು ಅಂತ ಕಲಿತುಬಿಡುತ್ತದೆ. ಹಳ್ಳಿಯವರು ನೀವು, ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿರುವುದನ್ನು ನೋಡಿರುತ್ತೀರಿ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುತ್ತದೆ, ತೋಟಕ್ಕೆ ನೀರು ಬೇಕೋ ಬೇಡವೋ ಅದಕ್ಕೆ ಗೊತ್ತಿಲ್ಲ. ನಿಮ್ಮ ಚಿಲಕದ ಸದ್ದು ಆ ಕರೆಂಟ್. ಗಂಡ ಬಂದರೋ, ಹಾಲಿನವನು ಬಂದನೋ ಅಂತ ಯೋಚಿಸುವ ಮೊದಲೇ ಮೋಟಾರ್ ಓಡಿರುತ್ತದೆ.

ಇದು ನಿಮ್ಮ ಕಲ್ಪನೆ ಅಲ್ಲ, ಕಣ್ಣಿಗೆ ಕಾಣುತ್ತದೆ. ನನ್ನ ಹತ್ತಿರ ಬರುವ ಒಬ್ಬ ಟೈಲರ್ ಇದ್ದಾರೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತೇನೆ. ಒಳಗೆ ಬಂದವರು ಸ್ಟೂಲನ್ನು ಗೋಡೆಗೆ ಎಳೆದುಕೊಂಡು, ಬಾಗಿಲು ಕಾಣುವ ಹಾಗೆಯೇ ಕೂರುತ್ತಾರೆ. ಸಿಸ್ಟರ್ ಸ್ಟೀಲ್ ಟ್ರೇ ಕೆಳಗಿಟ್ಟ ಸದ್ದಿಗೆ ಭುಜ ಕಿವಿವರೆಗೆ ಏರುತ್ತದೆ. ಬಿಪಿ ಪಟ್ಟಿ ಬಿಗಿಯಾಗುತ್ತಿದ್ದ ಹಾಗೆ ಉಸಿರು ಕಟ್ಟುತ್ತಾರೆ. ಮೊದಲ ಸಲ ನೋಡಿದರೆ 160, ಹತ್ತು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಿದರೆ 138. ಅವರ ಅಪ್ಪ ಸೊಂಟದ ಬೆಲ್ಟ್ ಬಿಚ್ಚಿ ಹೊಡೆಯುತ್ತಿದ್ದರಂತೆ. ತೋಳಿಗೆ ಏನಾದರೂ ಬಿಗಿಯಾದರೆ ಅವರ ಮೈ ಅದನ್ನೇ ನೆನೆಸಿಕೊಳ್ಳುತ್ತದೆ.

ವರ್ಷಗಟ್ಟಲೆ ಹೀಗೇ ಆದರೆ ರಕ್ತನಾಳಕ್ಕೆ ಸವೆತ, ಒಳಗೊಳಗೇ ಸಣ್ಣ ಉರಿಯೂತ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೂ ಹಿಂಬಾಲಿಸಿ ನೋಡುತ್ತಿದ್ದಾರೆ. ಚಿಕ್ಕಂದಿನಲ್ಲಿ ಹಿಂಸೆ ಅನುಭವಿಸಿದವರ ರಕ್ತದಲ್ಲಿ, 32ನೇ ವಯಸ್ಸಿನಲ್ಲಿ, ಸಿಆರ್‌ಪಿ ಅನ್ನುವ ಉರಿಯೂತದ ಗುರುತು ಜಾಸ್ತಿ ಇತ್ತು. ಏಟು ನಿಂತು ಎಷ್ಟೋ ವರ್ಷವಾದ ಮೇಲೂ.

ಆದರೆ ಇದೊಂದೇ ದಾರಿ ಅಲ್ಲ. ಎರಡನೇ ದಾರಿ ಚಟಗಳದ್ದು. ಸಂಕಟ ತಡೆಯಲು ಬೀಡಿ, ಗುಟ್ಕಾ, ಕುಡಿತ, ಕೆಲವರಿಗೆ ಸಿಹಿ, ಕರಿದದ್ದು. ಅಪಾಯದ ಒಂದು ಪಾಲು ಬರುವುದು ಇಲ್ಲಿಂದ. 2017ರಲ್ಲಿ 37 ಅಧ್ಯಯನ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಹಾಕಿದಾಗ ಕಂಡದ್ದು ಇದೇ. ಬಾಲ್ಯದ ಕಷ್ಟಕ್ಕೂ ತೂಕ, ಶುಗರ್‌ಗೂ ಇರುವ ಸಂಬಂಧ ಸಣ್ಣದು. ಹೃದಯಕ್ಕೆ ಮಧ್ಯಮ. ಮಾದಕ ವಸ್ತು ಮತ್ತು ಹಿಂಸೆಗೆ ಎಲ್ಲಕ್ಕಿಂತ ಜಾಸ್ತಿ. ನೀವು ಕುಡಿಯುವುದಿಲ್ಲ, ಸೇದುವುದಿಲ್ಲ ಅಂದರೆ ಆ ಬಾಗಿಲು ನಿಮಗೆ ಆಗಲೇ ಮುಚ್ಚಿದೆ.

ಮೂರನೆಯದು, ನೇರವಾಗಿ ಹೇಳುತ್ತೇನೆ, ಎಲ್ಲವನ್ನೂ ಬಾಲ್ಯದ ತಲೆಗೆ ಕಟ್ಟಬೇಡಿ. ನಿಮ್ಮ ತಂದೆಗೆ ಸ್ಟ್ರೋಕ್ ಆಗಿದೆ, ಅಂದರೆ ಬಿಪಿ ನಿಮ್ಮ ವಂಶದಲ್ಲೇ ಇರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದ್ದರು. ಹುಟ್ಟಿದಾಗಿನ ತೂಕ ಎಲ್ಲ ಅಲ್ಲಿನ ಹಳೇ ರಿಜಿಸ್ಟರ್‌ನಲ್ಲಿತ್ತು. ಎರಡೂವರೆ ಕೆಜಿ ಮತ್ತು ಕೆಳಗೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಮೂರು ಕೆಜಿ ದಾಟಿದ್ದವರಲ್ಲಿ ನೂರಕ್ಕೆ 3. ಬಸಿರಿಯ ಹೊಟ್ಟೆಗೆ ಏನು ಬಿತ್ತು ಅನ್ನುವುದೂ ಮಗುವಿನ ಹೃದಯಕ್ಕೆ ಲೆಕ್ಕ. ನಿಮ್ಮ ತಾಯಿ ನಿಮ್ಮನ್ನು ಹೊತ್ತಿದ್ದಾಗ ಹೇಗಿದ್ದರು, ನಮಗೆ ಗೊತ್ತಿಲ್ಲ. ಬಿಪಿಗೆ ಕಾರಣ ಒಂದೇ ಇರುವುದಿಲ್ಲ ಅಂತ ಮಾತ್ರ ತಿಳಿದಿರಲಿ.

ಈಗ ಎರಡು ತಪ್ಪು ನಂಬಿಕೆ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವಂಥವು.

'ಏಟು ತಿಂದು ಬೆಳೆದವರು ಗಟ್ಟಿಯಾಗ್ತಾರೆ, ನಾವೆಲ್ಲ ಬೆಳೆದಿಲ್ವಾ' ಅನ್ನುವುದು ಒಂದು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿತ್ತು. ಮೂವರಲ್ಲಿ ಇಬ್ಬರು ಹೊಡೆತ ತಿಂದಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಹೇಳಿಕೊಂಡಿದ್ದರು. ಎಲ್ಲರಿಗೂ ಆಗಿದೆ ಅನ್ನುವುದು ಅದು ಸರಿ ಅನ್ನುವುದಕ್ಕೆ ಸಾಕ್ಷಿ ಆಗಲ್ಲ. ಗಟ್ಟಿಯಾದವರು ಏಟಿನಿಂದ ಗಟ್ಟಿಯಾಗಿಲ್ಲ. ಏಟು ಬಿದ್ದರೂ ಅವರ ಪಾಲಿಗೆ ಒಬ್ಬ ಅಜ್ಜಿ, ಒಬ್ಬ ಟೀಚರ್, ಒಂದು ಹಾಸ್ಟೆಲ್ ಇತ್ತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಸಂಶೋಧಕಿ ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ತುಂಬ ಅಪಾಯದಲ್ಲಿದ್ದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದು ನಿಂತರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು, ಬೆನ್ನಿಗೆ ನಿಂತ ಒಬ್ಬ ದೊಡ್ಡವರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಜನ ಮೂವತ್ತು, ನಲವತ್ತರ ಹೊತ್ತಿಗೆ ಸುಧಾರಿಸಿದ್ದರು. ನಿಮ್ಮ ವಯಸ್ಸಿನಲ್ಲಿ, ನೋಡಿ.

ಇನ್ನೊಂದು ನಂಬಿಕೆ, ರಿಪೋರ್ಟ್ ನಾರ್ಮಲ್ ಅಂದರೆ ಏನೂ ಇಲ್ಲ ಅನ್ನುವುದು. ಎಂಡೋಸ್ಕೋಪಿ ನೋಡುವುದು ಹೊಟ್ಟೆಯಲ್ಲಿ ಹುಣ್ಣಿದೆಯಾ ಅಂತ. ಹೊಟ್ಟೆಯ ನರಗಳು ಎಷ್ಟು ಚುರುಕಾಗಿವೆ ಅಂತ ಅದು ನೋಡುವುದಿಲ್ಲ. ಹುಣ್ಣಿಲ್ಲ ಅನ್ನುವುದು ಒಳ್ಳೆಯ ಸುದ್ದಿ, ನಿಮಗೆ ನೋವಿಲ್ಲ ಅಂತ ಅದರ ಅರ್ಥ ಅಲ್ಲ. 'ಟೆನ್ಷನ್ ಮಾಡ್ಕೋಬೇಡಿ' ಅನ್ನುವುದು ಚಿಕಿತ್ಸೆಯೂ ಅಲ್ಲ. ನಮ್ಮ ಓಪಿಡಿಗಳಲ್ಲಿ ಒಬ್ಬರಿಗೆ ಸಿಗುವುದು ಮೂರು ನಾಲ್ಕು ನಿಮಿಷ, ಅಷ್ಟರಲ್ಲಿ ಬಾಲ್ಯದ ಮಾತು ಯಾರೂ ಕೇಳುವುದಿಲ್ಲ. ಕೇಳಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಸರಿ, ಮಾಡಬೇಕಾದ್ದಕ್ಕೆ ಬರೋಣ. ಬಿಪಿಯನ್ನು ಬಿಪಿ ಥರವೇ ನೋಡಿ, ಭಯವನ್ನು ಭಯದ ಥರ. ಒಂದನ್ನು ಸರಿ ಮಾಡಿದರೆ ಇನ್ನೊಂದು ತಾನಾಗಿಯೇ ಹೋಗುತ್ತದೆ ಅಂತ ಕಾಯಬೇಡಿ.

ಮೊದಲು ಬಿಪಿ ಎಷ್ಟಿದೆ ಅಂತ ಸರಿಯಾಗಿ ತಿಳಿಯಲಿ. ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ತಗೊಳ್ಳಿ. ಐದು ನಿಮಿಷ ಸುಮ್ನೆ ಕೂತು, ಕೈಯನ್ನು ಟೇಬಲ್ ಮೇಲಿಟ್ಟು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ ಬರೆದಿಡಿ. ಸರಾಸರಿ 135/85 ಅಥವಾ ಮೇಲಿದ್ದರೆ ಅದು ನಿಜವಾದ ಬಿಪಿ, ಕ್ಲಿನಿಕ್ಕಿನ ಹೆದರಿಕೆಯದ್ದಲ್ಲ. 40ರೊಳಗೆ ಬಿಪಿ ಬಂದವರಿಗೆ ಕಿಡ್ನಿ, ಮೂತ್ರದಲ್ಲಿ ಪ್ರೋಟೀನ್, ಪೊಟ್ಯಾಶಿಯಂ, ಥೈರಾಯ್ಡ್ ನೋಡಲೇಬೇಕು. ಗೊರಕೆ ಜಾಸ್ತಿಯಾ, ಗರ್ಭನಿರೋಧಕ ಮಾತ್ರೆ ಅಥವಾ ನೋವಿನ ಮಾತ್ರೆ ದಿನಾ ತಗೊಳ್ತೀರಾ, ಅದನ್ನೂ ಹೇಳಿ. ಮಾತ್ರೆ ಬೇಕು ಅಂದರೆ ತಗೊಳ್ಳಿ. 'ಇದು ಮನಸ್ಸಿನಿಂದ ಬಂದದ್ದು, ಮಾತ್ರೆ ಯಾಕೆ' ಅಂತ ಬಿಪಿ ಮಾತ್ರೆ ಬಿಟ್ಟವರನ್ನು ಸ್ಟ್ರೋಕ್ ಆಗಿ ಬಂದಾಗ ನೋಡಿದ್ದೇನೆ. ಭಯದಿಂದ ಬಂದ ಬಿಪಿಯೂ ರಕ್ತನಾಳಕ್ಕೆ ಮಾಡುವ ಹಾನಿ ಅಷ್ಟೇ.

6.1 ಅಂದರೆ ಇನ್ನೂ ಶುಗರ್ ಕಾಯಿಲೆ ಅಲ್ಲ, ಅದರ ಅಂಚು. 6.5ರಿಂದ ಕಾಯಿಲೆ ಅನ್ನುತ್ತೇವೆ. ಈ ಹಂತದಲ್ಲಿ ನಡಿಗೆ, ಊಟದ ಬದಲಾವಣೆ ನಿಜವಾಗಿ ಕೆಲಸ ಮಾಡುತ್ತದೆ. ಇಂಥ ಅಂಚಿನಲ್ಲಿದ್ದ ನಮ್ಮ ದೇಶದವರ ಮೇಲೆಯೇ ಚೆನ್ನೈನಲ್ಲಿ ಮಾಡಿದ ಅಧ್ಯಯನದಲ್ಲಿ ಇದರಿಂದ ಶುಗರ್ ಬರುವವರ ಸಂಖ್ಯೆ ಕಾಲುಭಾಗಕ್ಕಿಂತ ಜಾಸ್ತಿ ಇಳಿದಿತ್ತು. ಅನ್ನ, ಮುದ್ದೆ ಸ್ವಲ್ಪ ಕಡಿಮೆ, ಸೊಪ್ಪು, ಕಾಳು ಜಾಸ್ತಿ, ಉಪ್ಪಿನಕಾಯಿ ಹಪ್ಪಳಕ್ಕೆ ಕಡಿವಾಣ, ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ. ನಡೆದರೆ ನಿದ್ದೆಗೂ ಒಳ್ಳೆಯದು.

ಈಗ ಭಯಕ್ಕೆ. ಚಿಲಕದ ಸದ್ದಿಗೆ ಎದೆ ಬಡಿಯುವುದು, ಮೂರಕ್ಕೆ ಎಚ್ಚರ, ಇವೆಲ್ಲ ಆಘಾತದ ನಂತರ ಬರುವ ತೊಂದರೆಯ ಲಕ್ಷಣ ಇರಬಹುದು. ಪತ್ರ ಓದಿ ರೋಗ ಹೆಸರಿಸಲು ಆಗಲ್ಲ, ಮನೋವೈದ್ಯರು ಕೂರಿಸಿ ಕೇಳಬೇಕು. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆಘಾತದ ಮೇಲೆ ಗಮನ ಇಟ್ಟು ಮಾಡುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಕಣ್ಣಿನ ಚಲನೆ ಬಳಸಿ ಮಾಡುವ ಇಎಂಡಿಆರ್, ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ವಾರಕ್ಕೊಂದು ಸಲದಂತೆ ಕೆಲವು ತಿಂಗಳು ಹೋಗಬೇಕಾಗುತ್ತದೆ. ತೊಂದರೆಯೂ ಹೇಳುತ್ತೇನೆ. ಮೊದಲ ಕೆಲವು ವಾರ ಕನಸು, ಅಳು ಜಾಸ್ತಿಯಾಗಬಹುದು. ಅದು ಗೊತ್ತಿಲ್ಲದೆ ಎಷ್ಟೋ ಜನ ಮೂರನೇ ಸಲಕ್ಕೇ ಬಿಟ್ಟುಬಿಡುತ್ತಾರೆ. ಹಾಗಾಗಿ ಮೊದಲ ದಿನವೇ ಕೇಳಿ, 'ನೀವು ಯಾವ ವಿಧಾನ ಮಾಡ್ತೀರಿ, ಎಲ್ಲಿ ಕಲಿತಿರಿ, ನನಗೆ ಜಾಸ್ತಿಯಾದರೆ ಏನು ಮಾಡ್ತೀರಿ' ಅಂತ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಹೋಗಬೇಡಿ.

ನಿಮ್ಮ ಗೆಳತಿ ಹೇಳುವ ಹಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೊರಗೆ ಹಾಕುವುದು ಬೇಡ. ವಾರಾಂತ್ಯದ ಶಿಬಿರದಲ್ಲಿ ಐವತ್ತು ಜನರ ಮುಂದೆ ಕಿರುಚಿಸುವುದು, ಸಂಮೋಹನ ಮಾಡಿ ಮರೆತ ನೆನಪು ತೆಗೆಯುತ್ತೇವೆ ಅನ್ನುವುದು, ಪೂರ್ವಜನ್ಮಕ್ಕೆ ಕರೆದೊಯ್ಯುವುದು, ಇವುಗಳಿಂದ ಕೆಟ್ಟು ಬಂದವರನ್ನು ನೋಡಿದ್ದೇನೆ. ಸಂಮೋಹನದಲ್ಲಿ ನಡೆಯದೇ ಇದ್ದದ್ದೂ ನೆನಪಿನಂತೆ ಬಂದುಬಿಡಬಹುದು. ಗಂಡ ಹೇಳುವ 'ಮರೆತುಬಿಡು' ಕೂಡ ಆಗುವ ಮಾತಲ್ಲ, ಮೈಗೆ ಮರೆಯಲು ಬರುವುದಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಅವರಿಗೆ ಬೇರೆ ಕೆಲಸ ಕೊಡಿ. ಮನೆ ಹತ್ತಿರ ಬಂದಾಗ ಫೋನ್ ಮಾಡಿ 'ನಾನೇ ಬರ್ತಿದ್ದೀನಿ' ಅನ್ನಲಿ. ಚಿಲಕಕ್ಕೆ ಒಂದು ರಬ್ಬರ್ ತುಂಡು ಹಾಕಿಸಲಿ. ಇದು ಗುಣಪಡಿಸುವುದಿಲ್ಲ, ಸಂಜೆಯನ್ನು ಸ್ವಲ್ಪ ಹಗುರ ಮಾಡುತ್ತದೆ.

ಮಾತ್ರೆಯ ವಿಚಾರ. ಸರ್ಟ್ರಲಿನ್‌ನಂಥ ಮಾತ್ರೆ ಇಂಥ ಭಯಕ್ಕೂ ಜೊತೆಗಿರುವ ಖಿನ್ನತೆಗೂ ಕೊಡುತ್ತಾರೆ. ಕೆಲಸ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಮೊದಮೊದಲು ವಾಕರಿಕೆ, ಹೊಟ್ಟೆ ಕೆಡುವುದು, ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುವುದು ಇದೆ. ಇದು ಚಟ ಹಿಡಿಸುವ ಮಾತ್ರೆ ಅಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಚಟ ಹಿಡಿಸುವುದು ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಥರದವು. 'ಅರ್ಧ ನಿದ್ದೆ ಮಾತ್ರೆ' ಅಂತ ಯಾರೋ ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ನುಂಗುತ್ತಿರುವವರು ನನ್ನ ಕ್ಲಿನಿಕ್ಕಿಗೆ ಪ್ರತಿ ವಾರ ಬರುತ್ತಾರೆ. ಆಘಾತದ ತೊಂದರೆಗೆ ಅದು ಮದ್ದಲ್ಲ. ಈಗಾಗಲೇ ತಗೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ವೈದ್ಯರು ಹಂತಹಂತವಾಗಿ ಇಳಿಸಬೇಕು.

ಮಾತಿನ ಚಿಕಿತ್ಸೆಯೂ ಬೇಡ ಅನ್ನಿಸಿದರೆ ಅದೂ ಒಂದು ಆಯ್ಕೆ. ಯಾರಿಗೂ ಏನೂ ಹೇಳದೆ, ನಡಿಗೆ, ಪ್ರಾಣಾಯಾಮ, ಕೆಲಸ, ಒಂದಿಬ್ಬರು ಆಪ್ತರನ್ನು ಇಟ್ಟುಕೊಂಡು ಚೆನ್ನಾಗಿರುವವರು ಇದ್ದಾರೆ. ಆದರೆ ನಿಮಗೆ ನಿದ್ದೆ ಇಲ್ಲ, ಮಗಳ ಮೇಲೆ ಕೈ ಹೋಗಿದೆ. ಹಾಗಾಗಿ ಒಂದು ಸಲವಾದರೂ ತೋರಿಸಿ ಅಂತಲೇ ನನ್ನ ಸಲಹೆ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನಿಮ್ಹಾನ್ಸ್‌ಗೆ ತುಮಕೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬಹುದು. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನಿಸಿದ ದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆ ನಂಬರ್‌ಗೆ ಅಥವಾ 112ಕ್ಕೆ ಆಗಲೇ ಕರೆ ಮಾಡಿ, ಗಂಡನನ್ನು ಎಬ್ಬಿಸಿ.

ಮಗಳ ವಿಷಯ. ಜೀನ್ ಮೂಲಕ ಹೋಗುತ್ತದೆ ಅನ್ನುವ ಸುದ್ದಿ ಬಂದದ್ದು ಇಲಿಗಳಿಂದ. ಕೆನಡಾದ ಮೈಕೆಲ್ ಮೀನಿ ಅವರ ತಂಡ 2004ರಲ್ಲಿ ತೋರಿಸಿದ್ದು ಏನೆಂದರೆ, ತಾಯಿ ಇಲಿ ಚೆನ್ನಾಗಿ ನೆಕ್ಕಿ ಬೆಳೆಸಿದ ಮರಿಗಳಲ್ಲಿ ಒತ್ತಡಕ್ಕೆ ಸಂಬಂಧಪಟ್ಟ ಜೀನ್ ಒಂದರ ಮೇಲಿನ ಗುರುತು ಬೇರೆ ಇತ್ತು. ಅದೇ ಪ್ರಯೋಗದಲ್ಲಿ ಇನ್ನೊಂದೂ ಕಂಡಿತು, ಇದನ್ನು ಯಾರೂ ಹೇಳುವುದಿಲ್ಲ. ನೆಕ್ಕದ ತಾಯಿಯ ಮರಿಯನ್ನು ನೆಕ್ಕುವ ತಾಯಿಯ ಹತ್ತಿರ ಬಿಟ್ಟರೆ ಆ ಗುರುತು ಬದಲಾಗುತ್ತಿತ್ತು. ಹೆತ್ತವಳಿಗಿಂತ ಸಾಕಿದ ರೀತಿ ಮುಖ್ಯವಾಯಿತು. ಮನುಷ್ಯರಲ್ಲಿ, ತಾಯಿ ಬಾಲ್ಯದಲ್ಲಿ ತಿಂದ ಏಟು ಈ ಗುರುತುಗಳ ಮೂಲಕ ಮಗುವಿನ ಆರೋಗ್ಯ ಕೆಡಿಸುತ್ತದೆ ಅಂತ ಸಾಬೀತಾಗಿಲ್ಲ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೆಚ್ಚಾಗಿ ಮನೆಯ ವಾತಾವರಣದಿಂದ. ಅದು ನಿಮ್ಮ ಕೈಯಲ್ಲಿದೆ.

ಆ ಏಟಿಗೆ ಮಗಳ ಹತ್ತಿರ ಕ್ಷಮೆ ಕೇಳಿದ್ದೀರಾ? ಇಲ್ಲ ಅಂದರೆ ಇವತ್ತೇ ಕೇಳಿ. 'ಪುಟ್ಟಾ, ಅವತ್ತು ಹೊಡೆದದ್ದು ನನ್ನ ತಪ್ಪು. ನಿನ್ನ ತಪ್ಪಲ್ಲ. ಅಮ್ಮನಿಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ಹೊಡೆಯಬಾರದು' ಅಂತ. 'ಆದರೆ ನೀನು ಹಾಗೆ ಮಾಡಿದ್ದಕ್ಕೆ' ಅಂತ ಬಾಲ ಸೇರಿಸಬೇಡಿ. ಮುಂದಿನ ಸಲ ಮೈ ಬಿಸಿಯಾದಾಗ, ಕೈ ಏಳುವ ಮೊದಲು, ಹಿತ್ತಲಿಗೋ ಬಚ್ಚಲಿಗೋ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಉಸಿರು ಒಳಗೆ ತಗೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಮಗಳಿಗೆ ಮೊದಲೇ ಹೇಳಿರಿ, 'ಅಮ್ಮ ಎರಡು ನಿಮಿಷ ಆಚೆ ಹೋಗಿ ಬರ್ತಾಳೆ' ಅಂತ. ನಿಮ್ಮ ಅಪ್ಪ ನಿಮ್ಮ ಹತ್ತಿರ ಒಂದು ಸಲವಾದರೂ ಹಾಗೆ ತಪ್ಪಾಯಿತು ಅಂದಿದ್ದರೆ ನಿಮಗೆ ಹೇಗಿರುತ್ತಿತ್ತು, ನೆನೆಸಿಕೊಳ್ಳಿ. ನಿಮ್ಮ ಮಗಳಿಗೆ ಅದು ಸಿಗುತ್ತದೆ.

ಅಪ್ಪನ ವಿಷಯ ಕಷ್ಟದ್ದು. ಕ್ಷಮಿಸಿದರೆ ಬಿಪಿ ಇಳಿಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ನಾನು ಹಾಗೆ ಬರೆದುಕೊಡಲಾರೆ. ಕ್ಷಮಿಸುವುದು ಬಿಡುವುದು ನಿಮ್ಮ ಹಕ್ಕು, ಯಾವ ವೈದ್ಯರೂ ಅದನ್ನು ಔಷಧಿ ಚೀಟಿಯಲ್ಲಿ ಬರೆಯಬಾರದು. ಎದುರಿಗೆ ಕೂರಿಸಿ ಕೇಳಿಬಿಡೋಣ ಅನ್ನಿಸಿದರೆ, ಸ್ಟ್ರೋಕ್ ಆದ ಕೆಲವರಿಗೆ ನೆನಪು, ಮಾತು ಸರಿಯಿರುವುದಿಲ್ಲ. 'ನಾನ್ಯಾವಾಗ ಹೊಡೆದೆ' ಅಂದುಬಿಟ್ಟರೆ ನಿಮ್ಮ ಗಾಯದ ಮೇಲೆ ಬರೆ ಎಳೆದ ಹಾಗಾಗುತ್ತದೆ. ಚಿಕಿತ್ಸೆ ಶುರುವಾಗಿ ಸ್ವಲ್ಪ ಗಟ್ಟಿಯಾಗುವವರೆಗೆ ಅದನ್ನು ಮುಂದೂಡಿ.

ಆದರೆ ಒಂದು ಮಾತು ಖಂಡಿತ. ಯಾರ ಕೆಮ್ಮು, ಯಾರ ಕೂಗು ಕೇಳಿ ನೀವು ನಡುಗುತ್ತಿದ್ದಿರೋ ಅದೇ ಕೆಮ್ಮು ಈಗ ಪಕ್ಕದ ರೂಮಿನಿಂದ ರಾತ್ರಿಯೆಲ್ಲ ಕೇಳುತ್ತದೆ. ಎರಡು ವರ್ಷದಿಂದ ತೊಂದರೆ ಅಂದಿರಿ. ಅಪ್ಪ ಮನೆಗೆ ಬಂದದ್ದು ಯಾವಾಗ? ತಾಳೆ ಹಾಕಿ ನೋಡಿ. ನೋಡಿಕೊಳ್ಳುವುದು ಅಂದರೆ ನೀವೇ ಸ್ನಾನ ಮಾಡಿಸಬೇಕು, ನೀವೇ ರಾತ್ರಿ ಏಳಬೇಕು ಅಂತ ಅಲ್ಲ. ತಮ್ಮ ಇದ್ದಾನಲ್ಲ, ವರ್ಷದಲ್ಲಿ ಇಷ್ಟು ತಿಂಗಳು ಅವನ ಮನೆ ಅಂತ ಕೂತು ಮಾತಾಡಿ. ಅವನೂ ಅದೇ ಕೊಟ್ಟಿಗೆಯಲ್ಲಿ ಕೂತಿದ್ದವನು, ಅವನಿಗೂ ಕಷ್ಟ ಇರುತ್ತದೆ. ಅವನ ಬಿಪಿಯನ್ನೂ ಒಮ್ಮೆ ನೋಡಿಸಿ. ಇಬ್ಬರೂ ಸೇರಿ ದುಡ್ಡು ಹಾಕಿ ರಾತ್ರಿಗೆ ಒಬ್ಬರನ್ನು ಇಟ್ಟುಕೊಂಡರೂ ಸರಿ. ಊರವರು ಏನಂತಾರೋ ಅನ್ನುವುದು ಇದ್ದೇ ಇದೆ. ಊರವರು ಆ ರಾತ್ರಿಗಳಲ್ಲೂ ಇದ್ದರು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಏಳು ದಿನದ ಬಿಪಿ ಚೀಟಿ ಇಟ್ಟುಕೊಳ್ಳಿ, ಕೂತ ತಕ್ಷಣ ಹೀಗೆ ಹೇಳಿ: 'ಚಿಕ್ಕಂದಿನಲ್ಲಿ ಮನೆಯಲ್ಲಿ ತುಂಬ ಹೊಡೆತ ಇತ್ತು. ಈಗಲೂ ಸದ್ದಿಗೆ ಬೆಚ್ಚಿಬೀಳ್ತೀನಿ, ನಿದ್ದೆ ಇಲ್ಲ. ಬಿಪಿಗೆ ಬೇರೆ ಕಾರಣ ಇದೆಯಾ ನೋಡಿ, ಜೊತೆಗೆ ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಡಿ.' ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಪೂರ್ತಿ ಕಥೆ ಅಲ್ಲಿ ಬೇಕಿಲ್ಲ. ಇದನ್ನು ಕೇಳಿಯೂ ಅವರು ತಲೆ ಎತ್ತದೆ ಅದೇ ಗ್ಯಾಸ್ಟ್ರಿಕ್ ಮಾತ್ರೆ ಬರೆದರೆ, ಬೇರೆ ಡಾಕ್ಟರನ್ನು ನೋಡಿ.